ನೆನಪನ್ನು ಪರೀಕ್ಷಿಸದೆ ಶೇ 10 ಕೊಡಬೇಡಿ: ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಕಾರ್ಯದರ್ಶಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಯದರ್ಶಿಗಳೇ,

ಮಿದುಳಿಗೆ ಪೆಟ್ಟಾದ ಮಾಜಿ ಸೈನಿಕರ ಮೇಲ್ಮನವಿ ತಯಾರಿಸುವವರು ನಾವು. ಈ ಪ್ರಕರಣಗಳು ಹೆಚ್ಚಾಗಿ ಕೆಡುವುದು ಮೊದಲ ಸಿ ಅಂಡ್ ಪಿ (ಪರಿಹಾರ ಮತ್ತು ಪಿಂಚಣಿ) ವೈದ್ಯಕೀಯ ಪರೀಕ್ಷೆಯಲ್ಲೇ.

ಅಂಗವೈಕಲ್ಯ ಅಳೆಯುವ ನಿಮ್ಮ ಪಟ್ಟಿಯಲ್ಲಿ ಮಿದುಳಿನ ಗಾಯಕ್ಕಿರುವ 8045ನೇ ಕೋಡ್‌ನಲ್ಲಿ ನೆನಪು, ವಿವೇಚನೆ, ನಡವಳಿಕೆ ಮುಂತಾದ 10 ಅಂಶಗಳಿವೆ. ಅತಿ ಹೆಚ್ಚು ಕುಂದಿದ ಒಂದೇ ಅಂಶ ನೋಡಿ ಶೇ 0, 10, 40, 70 ಅಥವಾ 100 ಅಂಗವೈಕಲ್ಯದ ರೇಟಿಂಗ್ ಕೊಡುತ್ತೀರಿ. ನೆನಪಿನ ವಿಷಯದಲ್ಲಿ ಎಡವಟ್ಟು ಇಲ್ಲಿದೆ: ಮರೆವು ಬರೀ ಬಾಯಿಮಾತಿನ ದೂರಾಗಿದ್ದರೆ 10, ಪರೀಕ್ಷೆಯಲ್ಲಿ ಅಲ್ಪಸ್ವಲ್ಪ ಕಂಡರೂ 40, ಮಧ್ಯಮ ಪ್ರಮಾಣದ್ದಾದರೆ 70. ನೆನಪು, ಗಮನ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆಯನ್ನೇ ಬರೆದುಕೊಡದ ವೈದ್ಯರು ಕೊನೆಗೆ 'ಪುರಾವೆ ಇಲ್ಲ' ಎಂದು ಷರಾ ಬರೆಯುತ್ತಾರೆ. ಹುಡುಕದೆಯೇ ಸಿಗಲಿಲ್ಲ ಅಂದರೆ ಹೇಗೆ?

ಜೊತೆಗೆ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ಕಾಯಿಲೆ) ಇದ್ದರಂತೂ ಗೋಜಲು. ಸಿಟ್ಟು, ನಿದ್ರೆಗೇಡು, ಗಮನ ನಿಲ್ಲದಿರುವುದು ಎರಡರಲ್ಲೂ ಇರುತ್ತವೆ. ಒಂದೇ ಲಕ್ಷಣವನ್ನು ಎರಡು ಸಲ ಎಣಿಸಬಾರದೆಂಬ ನಿಯಮಕ್ಕೆ ನಮ್ಮ ತಕರಾರಿಲ್ಲ. ಆದರೆ 'ಬೇರ್ಪಡಿಸಲಾಗದು' ಎಂಬ ಒಂದು ಸಾಲಿಗೆ ಕಾರಣ ಬೇಡವೇ? ಮೈಗ್ರೇನ್ ಎಂದು ಪ್ರತ್ಯೇಕವಾಗಿ ಗುರುತಿಸಿದ ತಲೆನೋವಿಗೆ ಬೇರೆಯೇ ರೇಟಿಂಗ್ ಕೊಡಬೇಕೆಂದು ಅದೇ 8045 ಹೇಳುತ್ತದೆ. ಎಷ್ಟೋ ಆದೇಶಗಳಲ್ಲಿ ಅದು ಮಿದುಳಿನ ಗಾಯದ ಲೆಕ್ಕದಲ್ಲೇ ಸೇರಿಹೋಗಿರುತ್ತದೆ. ಗಾಯಕ್ಕೆ 70, ಮೈಗ್ರೇನಿಗೆ 50 ಬಂದರೆ ಉಳಿದ 30ರಲ್ಲಿ ಅರ್ಧ, ಅಂದರೆ 15 ಸೇರಿ 85. ಅದನ್ನು 90ಕ್ಕೆ ಏರಿಸುತ್ತೀರಿ. ಮೈಗ್ರೇನ್ ಕೈಬಿಟ್ಟರೆ 70ಕ್ಕೇ ನಿಲ್ಲುತ್ತದೆ.

2019ರ ಫೆಬ್ರವರಿಯಿಂದ ಮೇಲ್ಮನವಿಗೆ ಮೂರು ದಾರಿಗಳಿವೆ. ಹಲವರು ಖಾಸಗಿಯಾಗಿ ಪರೀಕ್ಷೆ ಮಾಡಿಸಿ, ವರದಿ ಲಗತ್ತಿಸಿ, ಹಿರಿಯ ಅಧಿಕಾರಿಯ ಮರುಪರಿಶೀಲನೆ ಕೋರುವ 20-0996 ಫಾರಂ ಹಾಕುತ್ತಾರೆ. ಆ ಮರುಪರಿಶೀಲನೆಯಲ್ಲಿ ಹೊಸ ಪುರಾವೆಯನ್ನು ನೋಡುವುದೇ ಇಲ್ಲ. ಅವರು ಹಾಕಬೇಕಿದ್ದದ್ದು ಹೊಸ ಪುರಾವೆ ಕೊಡುವ ಪೂರಕ ಅರ್ಜಿಯ ಫಾರಂ 20-0995. ಪರಿಹಾರವನ್ನು ಮೂಲ ಅರ್ಜಿಯ ದಿನಾಂಕದಿಂದಲೇ ಲೆಕ್ಕ ಹಾಕಬೇಕಾದರೆ ಇದೆಲ್ಲ ಆದೇಶ ಬಂದ ಒಂದು ವರ್ಷದೊಳಗೆ ಆಗಬೇಕು. (ಮರೆವಿನವರಿಗೇ ಗಡುವು ನೆನಪಿಡುವ ಕೆಲಸ!)

ಆರಂಭಿಕ ಪರೀಕ್ಷೆಯನ್ನು ನಿಗದಿತ ನಾಲ್ಕು ಬಗೆಯ ತಜ್ಞರಲ್ಲೊಬ್ಬರು ಮಾಡಿರಲಿಲ್ಲವೆಂದು 2016ರಲ್ಲಿ ನಿಮ್ಮ ಇಲಾಖೆಯೇ 24,000ಕ್ಕೂ ಹೆಚ್ಚು ಮಂದಿಗೆ ಮರುಪರೀಕ್ಷೆಯ ಅವಕಾಶ ಕೊಟ್ಟಿತ್ತು. ಈಗಲೂ ಹಾಗೇ ಮಾಡಿ. ನೆನಪಿನ ಅಂಶಕ್ಕೆ 10 ಹಾಕಿದ್ದು, ಕಡತದಲ್ಲಿ ಪರೀಕ್ಷಾ ವರದಿಯೇ ಇಲ್ಲದ ಪ್ರಕರಣಗಳನ್ನು ಹೆಕ್ಕಿ ತೆಗೆದು, ಮೇಲ್ಮನವಿಗೆ ಕಾಯದೆ ಪರೀಕ್ಷೆಗೆ ಕರೆಯಿರಿ. ಯಾವ ಲಕ್ಷಣವನ್ನು ಯಾವ ಕೋಡ್‌ನಡಿ ಎಣಿಸಿದಿರೆಂದು ಆದೇಶದಲ್ಲೇ ಬರೆಯಿರಿ.

ಇಂತಿ,
ಮೇಲ್ಮನವಿಗಳಿಗೆ ನೆರವಾಗುವವರು