ವಿದೇಶಿ ಸೇವೆಗೆ ಕರೆದವರು ಯಾರು?

ಮಾನ್ಯ ಸಂಪಾದಕರೇ,

ರಜೆಯಲ್ಲಿ ವಿದೇಶದ ಹಳ್ಳಿಗಳಿಗೆ ಹೋಗಿ ಆರೋಗ್ಯ ಸೇವೆ ಮಾಡುವ ವಿದ್ಯಾರ್ಥಿಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಮಕ್ಕಳ ಉತ್ಸಾಹ ಕಂಡು ಖುಷಿಯಾಯಿತು. ಆದರೆ ಅವರನ್ನು ಅಲ್ಲಿಗೆ ಕರೆದವರು ಯಾರು? ಅದು ವರದಿಯಲ್ಲಿ ಎಲ್ಲೂ ಕಾಣಲಿಲ್ಲ.

ಕೇಳಲು ಕಾರಣವಿದೆ. ಮಂಗಳೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ ಓದುವ ನನ್ನ ತಮ್ಮನ ಮಗಳಿಗೂ ಇಂಥದೇ ಒಂದು ಕರಪತ್ರ ಸಿಕ್ಕಿದೆ. ಆಫ್ರಿಕಾದ ಹಳ್ಳಿಯಲ್ಲಿ ಎರಡು ವಾರ. ವಿಮಾನದ ಟಿಕೆಟ್ ಬಿಟ್ಟು ಲಕ್ಷಕ್ಕೂ ಜಾಸ್ತಿ ಶುಲ್ಕ. ಗಾಯಕ್ಕೆ ಹೊಲಿಗೆ ಹಾಕಬಹುದಂತೆ, ಹೆರಿಗೆ ಮಾಡಿಸಬಹುದಂತೆ. "ಅತ್ತೆ, ಇಲ್ಲಿ ನಮ್ಮನ್ನು ಹತ್ತಿರವೂ ಬಿಡುವುದಿಲ್ಲ. ಅಲ್ಲಾದರೆ ಎಲ್ಲ ಕಲಿಯಬಹುದು" ಎಂದಳು. ಇಲ್ಲಿ ಯಾಕೆ ಬಿಡುವುದಿಲ್ಲ ಎಂದು ಕೇಳಿದೆ. ಉತ್ತರ ಬರಲಿಲ್ಲ. ಇಲ್ಲಿಯ ಹೆಂಗಸಿನ ಮೇಲೆ ಮಾಡಬಾರದ್ದನ್ನು ಅಲ್ಲಿಯ ಹೆಂಗಸಿನ ಮೇಲೆ ಮಾಡಬಹುದು ಅಂತ ಹೇಳಿದವರು ಯಾರು? ಅದಕ್ಕೆ ದುಡ್ಡು ಬೇರೆ ಕೊಡಬೇಕು!

ಕಾಸರಗೋಡಿನ ಎಣ್ಮಕಜೆ ಕಡೆ ಆರೋಗ್ಯ ಕಾರ್ಯಕರ್ತೆಯಾಗಿ ಮನೆ ಮನೆ ಸುತ್ತಿ ಕೆಲಸ ಮಾಡಿದವಳು ನಾನು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಸುದ್ದಿಯಾದ ಮೇಲೆ ನಮ್ಮೂರಿಗೆ ಬಂದವರಿಗೆ ಲೆಕ್ಕವಿಲ್ಲ. ವಿದ್ಯಾರ್ಥಿಗಳು ಬಂದರು, ದೂರದೇಶದವರೂ ಬಂದರು. ಒಳ್ಳೆಯ ಮನಸ್ಸಿನವರೇ. ಮಲಗಿದಲ್ಲೇ ಇರುವ ಮಗುವಿನ ಫೋಟೊ ತೆಗೆದರು. ತಾಯಿಯಿಂದ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಿದರು. ಅಂಥ ಒಬ್ಬ ತಾಯಿ ಒಮ್ಮೆ ನನ್ನಲ್ಲಿ ಹೇಳಿದ್ದು ಇದು: "ಸಿಸ್ಟರೇ, ಇವರಲ್ಲಿ ಯಾರಾದರೂ ಅರ್ಧ ದಿನ ಮಗುವಿನ ಹತ್ತಿರ ಕೂತರೆ ನಾನು ಬದಿಯಡ್ಕಕ್ಕೆ ಹೋಗಿ ರೇಷನ್ ಕಾರ್ಡಿನ ಕೆಲಸ ಮುಗಿಸಿ ಬರುತ್ತಿದ್ದೆ." ನಿಮಗೆ ಏನು ಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಇನ್ನು ಭಾಷೆ. ಗಡಿನಾಡಿನ ನಮಗೆ ಅದರ ಕಷ್ಟ ಯಾರೂ ಹೇಳಿಕೊಡಬೇಕಿಲ್ಲ. ಕೇರಳದ ತೆಂಕು ಜಿಲ್ಲೆಗಳಿಂದ ವರ್ಗವಾಗಿ ಬಂದ ಆಸ್ಪತ್ರೆಯವರು ಮಾತ್ರೆ ಯಾವಾಗ ನುಂಗಬೇಕೆಂದು ಮಲಯಾಳದಲ್ಲಿ ವಿವರಿಸುತ್ತಾರೆ. ತುಳು, ಕನ್ನಡ ಮಾತ್ರ ಬಲ್ಲ ಅಜ್ಜಿ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಮನೆಗೆ ಹೋಗಿ ನೋಡಿದರೆ ಬಿಪಿ ಮಾತ್ರೆಯ ಶೀಟ್ ಒಡೆದೇ ಇರುವುದಿಲ್ಲ. ಒಂದೇ ರಾಜ್ಯದೊಳಗೆ ಹೀಗೆ. ಎರಡು ವಾರಕ್ಕೆ ಉಗಾಂಡಾಕ್ಕೆ ಹೋದ ಹುಡುಗಿ ಅಲ್ಲಿಯ ಅಜ್ಜಿಗೆ ಏನು ಹೇಳಿಯಾಳು?

ಭಾಷೆ ಬಲ್ಲವರೇ ಮಾಡಿದ ಕೆಲಸ ಹೇಗಿರುತ್ತದೆ ನೋಡಿ. ಬಾಂಗ್ಲಾದೇಶದ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೆಂಗಸರನ್ನು ಕಳಿಸಿ, ಮಕ್ಕಳಿಗೆ ಭೇದಿಯಾದಾಗ ಉಪ್ಪು, ಬೆಲ್ಲ, ನೀರು ಬೆರೆಸಿ ಕುಡಿಸುವುದನ್ನು ತಾಯಂದಿರಿಗೆ ಕಲಿಸಿತು. ಒಂದು ಕೋಟಿಗೂ ಹೆಚ್ಚು ಮನೆ ಮುಟ್ಟಿತು. ನನಗೆ ತುಂಬ ಹಿಡಿಸಿದ್ದು ಅವರು ಸಂಬಳ ಕೊಟ್ಟ ರೀತಿ. ಕೆಲವು ದಿನ ಬಿಟ್ಟು ಬೇರೆಯವರು ಹೋಗಿ, ತಾಯಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿದ್ದರು. ಕಲಿಸಿದವಳ ಸಂಬಳ ಅದರ ಮೇಲೆ. ಫೋಟೊ ಎಷ್ಟು ಬಂತು ಎಂಬುದರ ಮೇಲಲ್ಲ.

ಹೊರಗಿನ ವಿದ್ಯಾರ್ಥಿಗಳು ಹೋಗಲೇಬಾರದು ಅಂತಲ್ಲ. ನೇಪಾಳದಲ್ಲಿ 1988ರಿಂದ ಊರಿನ ಹೆಂಗಸರೇ ಆರೋಗ್ಯ ಸ್ವಯಂಸೇವಕಿಯರು, ಸುಮಾರು 50 ಸಾವಿರ ಮಂದಿ. ವರ್ಷಕ್ಕೆ ಎರಡು ಸಲ ಪುಟ್ಟ ಮಕ್ಕಳಿಗೆ ವಿಟಮಿನ್ ಎ ಹಾಕುವವರು ಅವರೇ. ತಿಂಗಳ ಸಂಬಳವಿಲ್ಲ. (ನಮ್ಮ ಆಶಾ ಕಾರ್ಯಕರ್ತೆಯರಿಗೆ ಗೌರವಧನವಾದರೂ ಇದೆ. ಅದನ್ನು ಹೆಚ್ಚಿಸಿ ಎಂದು ಕೇಳಲು 2025ರಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ತಿಂಗಳುಗಟ್ಟಲೆ ಕೂರಬೇಕಾಯಿತು, ಆ ಮಾತು ಬೇರೆ.) ವಿದ್ಯಾರ್ಥಿಗಳು ಅಂಥ ಸ್ವಯಂಸೇವಕಿಯ ಹಿಂದೆ ಚೀಲ ಹೊತ್ತು ನಡೆಯಲಿ. ಅವಳು ಹೇಳಿದ ಹಾಗೆ ರಿಜಿಸ್ಟರ್ ಬರೆಯಲಿ, ತೂಕದ ಯಂತ್ರ ಹಿಡಿಯಲಿ. ಬೇಜಾರಿನ ಕೆಲಸ, ಕರಪತ್ರದಲ್ಲಿ ಹಾಕುವಂಥದ್ದಲ್ಲ. ನಾನು ಕಂಡ ಹಾಗೆ ಆರೋಗ್ಯದ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಆದ್ದರಿಂದ ಕಾಲೇಜುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳನ್ನು ಕಳಿಸುವ ಮೊದಲು ಆ ಊರಿನ ಆರೋಗ್ಯ ಕೇಂದ್ರದಿಂದ ಒಂದು ಪತ್ರ ತರಿಸಿ. ಏನು ಕೆಲಸ, ನೋಡಿಕೊಳ್ಳುವವರು ಯಾರು, ಶುಲ್ಕದಲ್ಲಿ ಆ ಕೇಂದ್ರಕ್ಕೆ ಸಿಗುವುದೆಷ್ಟು, ಎಲ್ಲವೂ ಅದರಲ್ಲಿರಲಿ. ಇಲ್ಲಿ ಆ ವರ್ಷದ ವಿದ್ಯಾರ್ಥಿ ಮಾಡಬಾರದ್ದನ್ನು ಅಲ್ಲಿಯೂ ಮಾಡಬಾರದು ಎಂದು ಬರೆಸಿಕೊಳ್ಳಿ.

ತಮ್ಮನ ಮಗಳಿಗೆ ಬೇಡ ಎಂದು ನಾನು ಹೇಳಿಲ್ಲ. ಮೊದಲು, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ನಮ್ಮ ಪಂಚಾಯತಿನ ಪಾಲಿಯೇಟಿವ್ ತಂಡದ ಜೀಪಿನಲ್ಲಿ ಒಂದು ರಜೆ ಸುತ್ತು, ಹುಣ್ಣಾದ ಬೆನ್ನಿಗೆ ಡ್ರೆಸ್ಸಿಂಗ್ ಮಾಡುವಾಗ ದೀಪ ಹಿಡಿ ಎಂದಿದ್ದೇನೆ. ತುಳು, ಕನ್ನಡ ಬಲ್ಲವರು ಆ ತಂಡಕ್ಕೆ ಈಗಲೂ ಬೇಕು. ಯೋಚಿಸುತ್ತೇನೆ ಎಂದಿದ್ದಾಳೆ.

ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಸಲ ಇಂಥ ವರದಿ ಹಾಕುವಾಗ ಆ ಊರಿನ ಆರೋಗ್ಯ ಕಾರ್ಯಕರ್ತೆಯದ್ದೂ ನಾಲ್ಕು ಮಾತು ಕೇಳಿ ಹಾಕಿ.

ಇತಿ,
ಒಬ್ಬ ನಿವೃತ್ತ ಆರೋಗ್ಯ ಕಾರ್ಯಕರ್ತೆ
ಪೆರ್ಲ, ಕಾಸರಗೋಡು ಜಿಲ್ಲೆ