ಗುರುತು ಸಿಗದಿರುವುದು ಮರೆವಲ್ಲ

ಮಾನ್ಯರೇ,

ಮಿದುಳು ಮುಖಗಳನ್ನು ಗುರುತಿಸುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪರಿಚಿತರ ಗುರುತು ಸಿಗದಿರುವುದನ್ನು ಅದರಲ್ಲಿ ನೆನಪಿನ ಶಕ್ತಿ ಕುಂದಿದ ಲಕ್ಷಣವೆಂದಷ್ಟೇ ಹೇಳಲಾಗಿದೆ. ಬಾಲ್ಯದಿಂದಲೂ ಮುಖ ನೋಡಿ ಜನರನ್ನು ಗುರುತಿಸಲಾರದ ನನಗೆ ಆ ಮಾತು ಅಪೂರ್ಣವೆನಿಸಿತು.

ನನ್ನ ದೃಷ್ಟಿಯಲ್ಲಿ ದೋಷವಿಲ್ಲ, ನೆನಪಿಗೂ ಕೊರತೆಯಿಲ್ಲ. ಎದುರಿಗಿರುವವರ ಕಣ್ಣು, ಹುಬ್ಬು, ಮೂಗು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ, ಅವರು ನಗುತ್ತಿದ್ದಾರೋ ಮುನಿದಿದ್ದಾರೋ ಎಂಬುದೂ ತಿಳಿಯುತ್ತದೆ. ಆದರೆ ಅದು ಯಾರ ನಗು ಎಂಬುದು ಮಾತ್ರ ಅವರ ದನಿ ಕೇಳುವವರೆಗೆ ಹೊಳೆಯುವುದಿಲ್ಲ. ಜರ್ಮನಿಯ ನರವಿಜ್ಞಾನಿ ಯೋಆಖಿಮ್ ಬೋಡಮರ್ ಅವರು ಮಿದುಳಿಗೆ ಗಾಯವಾದವರಲ್ಲಿ ಈ ಸ್ಥಿತಿಯನ್ನು ಕಂಡು 1947ರಲ್ಲಿ ಅದಕ್ಕೆ 'ಪ್ರೊಸೊಪಗ್ನೋಸಿಯಾ' ಎಂದು ಹೆಸರಿಟ್ಟರು. ಯಾವ ಗಾಯವೂ ಇಲ್ಲದೆ ಚಿಕ್ಕಂದಿನಿಂದಲೇ ಹೀಗಿರುವವರು 100ರಲ್ಲಿ ಸುಮಾರು 2 ಮಂದಿ ಇರಬಹುದೆಂಬ ಅಂದಾಜಿದೆ.

ಮುಖ ಯಾರದು ಎಂದು ತಿಳಿಯುವುದು ಮತ್ತು ಅದರಲ್ಲಿನ ಭಾವ ಏನೆಂದು ತಿಳಿಯುವುದು ಬಹುಮಟ್ಟಿಗೆ ಬೇರೆ ಬೇರೆ ಕೆಲಸಗಳು. ಮೊದಲನೆಯದರಲ್ಲಿ, ಮಿದುಳಿನ ಕೆಳಭಾಗದಲ್ಲಿರುವ, 1997ರಲ್ಲಿ ನರವಿಜ್ಞಾನಿ ನ್ಯಾನ್ಸಿ ಕಾನ್‌ವಿಷರ್ ಮತ್ತು ಸಂಗಡಿಗರು 'ಫ್ಯೂಸಿಫಾರ್ಮ್ ಫೇಸ್ ಏರಿಯಾ' ಎಂದು ಕರೆದ ಭಾಗದ ಪಾತ್ರ ದೊಡ್ಡದು. ಎರಡನೆಯದಕ್ಕೆ, ಮಿದುಳಿನ ಒಳಗೆ ಭಾವನೆಗಳಿಗೆ ಸಂಬಂಧಿಸಿದ ಪುಟ್ಟ ಭಾಗವಾದ ಅಮಿಗ್ಡಾಲವೂ ಸೇರಿದಂತೆ ಬೇರೆ ಭಾಗಗಳು ದುಡಿಯುತ್ತವೆ. ಎರಡೂ ಬದಿಯ ಅಮಿಗ್ಡಾಲ ನಾಶವಾಗಿದ್ದ ಮಹಿಳೆಯೊಬ್ಬರ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ನನ್ನ ಸ್ಥಿತಿಗೆ ಅದು ತದ್ವಿರುದ್ಧ: ಅವರು ಜನರನ್ನು ಸರಿಯಾಗಿ ಗುರುತಿಸುತ್ತಿದ್ದರು, ಮುಖದ ಮೇಲಿನ ಭಯ ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ. ಅವರು ಎದುರಿನವರ ಕಣ್ಣುಗಳತ್ತ ನೋಡುತ್ತಲೇ ಇರಲಿಲ್ಲವೆಂಬುದು 2005ರಲ್ಲಿ ಗೊತ್ತಾಯಿತು. ಕಣ್ಣುಗಳನ್ನು ನೋಡಿರೆಂದು ಹೇಳಿದಾಗ ಭಯವನ್ನು ಗುರುತಿಸಿದರು. ಈ ವಿವರ ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಮುಖವನ್ನು ಮಿದುಳು ಬಿಡಿ ಅಂಗಗಳಾಗಿ ಅಲ್ಲ, ಒಟ್ಟು ವಿನ್ಯಾಸವಾಗಿ ಗ್ರಹಿಸುತ್ತದೆ. ಫೋಟೊವನ್ನು ತಲೆಕೆಳಗು ಮಾಡಿದರೆ ಇತರ ವಸ್ತುಗಳಿಗಿಂತ ಮುಖಗಳನ್ನು ಗುರುತಿಸುವುದು ಹೆಚ್ಚು ಕಷ್ಟವಾಗುತ್ತದೆಂದು ಸಂಶೋಧಕ ರಾಬರ್ಟ್ ಯಿನ್ 1969ರಲ್ಲೇ ತೋರಿಸಿದ್ದರು. ತಲೆಕೆಳಗಾದ ಫೋಟೊಗಳ ರಾಶಿಯಲ್ಲಿ ಗೆಳೆಯರನ್ನು ಹುಡುಕುವ ಕಷ್ಟವನ್ನು ಊಹಿಸಿಕೊಂಡರೆ ನನ್ನ ದಿನನಿತ್ಯದ ಪಾಡು ಓದುಗರಿಗೆ ಸ್ವಲ್ಪಮಟ್ಟಿಗೆ ಅರ್ಥವಾದೀತು. ನಡಿಗೆ, ಕೂದಲು, ಕನ್ನಡಕಗಳ ಆಧಾರದಲ್ಲಿ ಹೇಗೋ ನಿಭಾಯಿಸುತ್ತೇನೆ. ಕೇಶಶೈಲಿ ಬದಲಾದರೆ ಅದೂ ಕೈಕೊಡುತ್ತದೆ.

ಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬನಿಗೆ ಕೊಡಬೇಕಿದ್ದ ಪುಸ್ತಕವನ್ನು ಬೇರೆಯವನಿಗೆ ಕೊಟ್ಟುಬಂದ ನನ್ನನ್ನು, ಬೇಕೆಂದೇ ತಪ್ಪು ಮಾಡಿದೆನೆಂದು ಭಾವಿಸಿ ಅಧ್ಯಾಪಕರು ಇಡೀ ತರಗತಿಯ ಮುಂದೆ ನಿಲ್ಲಿಸಿದ್ದರು. ಆಗ ಅವರ ಮುಖದಲ್ಲಿದ್ದ ಕೋಪ ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಕಂಡೂ ಮಾತನಾಡಿಸದೆ ಹೋದೆನೆಂದು ದೂರವಾದ ಸ್ನೇಹಿತರೂ ಇದ್ದಾರೆ.

ಆದ್ದರಿಂದ ಈ ಸ್ಥಿತಿಯನ್ನು ಮರೆವಿನೊಂದಿಗೆ ಬೆರೆಸದೆ, ಮಕ್ಕಳಲ್ಲಿಯೂ ಇದು ಇರಬಹುದೆಂಬುದನ್ನು ಪೋಷಕರಿಗೂ ಅಧ್ಯಾಪಕರಿಗೂ ತಿಳಿಸುವ ಬರಹವೊಂದನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ನನ್ನಂಥವರನ್ನು ಬಲ್ಲವರು ಎದುರಾದಾಗ ಮೊದಲು ತಮ್ಮ ಹೆಸರು ಹೇಳಿದರೆ ನಮಗೆ ದೊಡ್ಡ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ