ಗೌರಕ್ಕನ ಶೇಂಗಾ ಚಟ್ನಿ: ಭಾನುವಾರ ತಪ್ಪದೆ ಬನ್ನಿ

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ನಾಟಕದ ‘ಗೌರಕ್ಕನ ಶೇಂಗಾ ಚಟ್ನಿ’ ಎಲ್ಲಿ ಸಿಗುತ್ತದೆ ಅಂತ ಪ್ರತಿ ಪ್ರಯೋಗ ಮುಗಿದ ಮೇಲೂ ಯಾರಾದರೂ ಕೇಳುತ್ತಾರೆ, ಅಲ್ವಾ? ಅದನ್ನ ನಿಜವಾಗಿಯೂ ಮಾಡಿ ಮಾರೋಣ, ನಾಟಕಕ್ಕೂ ಪ್ರಚಾರ ಆಗುತ್ತದೆ.

ಇದೇನು ಹೊಸದಲ್ಲ. 1994ರ ‘ಫಾರೆಸ್ಟ್ ಗಂಪ್’ ಸಿನಿಮಾದಲ್ಲಿ ಬರೀ ಕಲ್ಪನೆಯಾಗಿದ್ದ ಬಬ್ಬಾ ಗಂಪ್ ಸಿಗಡಿ ಕಂಪನಿ ಹೆಸರಲ್ಲಿ 1996ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಹೋಟೆಲೇ ಶುರುವಾಯಿತು. ಅವರು ಸಿನಿಮಾ ಕಂಪನಿಯ ಒಪ್ಪಿಗೆ ಪಡೆದೇ ಮಾಡಿದ್ದು, ಸುಮ್ನೆ ಅಲ್ಲ. ನಾವೂ ನಾಟಕ ಬರೆದವರಿಂದ ಒಪ್ಪಿಗೆ ಬರೆಸಿಕೊಳ್ಳಬೇಕು, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗುವವರೆಗೂ ಒಂದು ಪ್ಯಾಕೆಟ್ಟೂ ಮಾರೋದು ಬೇಡ.

ಭಾನುವಾರ ಸಂಜೆ 5ಕ್ಕೆ ಧಾರವಾಡದ ತಾಲೀಮು ಜಾಗಕ್ಕೆ ಬನ್ನಿ, ಹುಬ್ಬಳ್ಳಿಯವರೂ. ಚಟ್ನಿ ಕುಟ್ಟುವವರು, ಲೇಬಲ್ ಮಾಡುವವರು ಶುಕ್ರವಾರದೊಳಗೆ ಇಲ್ಲಿ ಹೆಸರು ಹಾಕಿ. ಖಾರ ಜಾಸ್ತಿಯೋ ಕಡಿಮೆಯೋ ಅನ್ನೋ ಜಗಳ ಅಲ್ಲೇ ಮಾಡೋಣ. ಬರೀ ಹೆಬ್ಬೆರಳು ತೋರಿಸಬೇಡಿ, ಬರುತ್ತೀರೋ ಇಲ್ಲವೋ ಬರೆಯಿರಿ.